ವಿಷಲ್ ಕಚ್ಚುವ ಹಲ್ಲು

ದೇವರು ಕೊಟ್ಟ ಹಲ್ಲು ನನ್ನ ಬಾಯಲ್ಲಿ ಒಂದೂ ಇಲ್ಲ ಎಂದರೆ ಈಗ ಯಾರೂ ನಂಬುವುದಿಲ್ಲ. ಹೋಗಲಿ, ಅವೆಲ್ಲ ಹೋದ ಮೇಲೆ ತೆಗೆದು ಹಾಕುವ ಕಟ್ಟಿಸಿದ ಹಲ್ಲಿನ ಸೆಟ್ ಇಟ್ಟುಕೊಂಡು ಎರಡು ವರ್ಷ ಓಡಾಡಿದೆನಲ್ಲ, ಆಗಲೂ ನನಗೆ ಅಗಿದು ತಿನ್ನಲು ಆಗುತ್ತದಾ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಅದಕ್ಕೆ ಕಾರಣ ರಾಗಿಮುದ್ದೆ. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಬೆರಳಲ್ಲಿ ಮುರಿದು, ಸಾರಿನಲ್ಲಿ ಹೊರಳಿಸಿ, ಗುಟುಕ್ಕನೆ ನುಂಗುತ್ತೇವೆ. ಬಾಯ್ತುಂಬ ಹಲ್ಲಿದ್ದವರೂ ಅಷ್ಟೇ, ಬೊಚ್ಚುಬಾಯಿಯವರೂ ಅಷ್ಟೇ. ಹಲ್ಲಿಲ್ಲದವಳು ಬಚ್ಚಿಟ್ಟುಕೊಳ್ಳಲು ನಮ್ಮೂರಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ನಾನು ಸರೋಜ. ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಮೇಲೆ ಬೇಲೂರಿಗೆ ಹೋಗುವ ಬಸ್ಸಿನ ಕಂಡಕ್ಟರ್. ಮನೆ ಗಂಡಸಿ ಹತ್ತಿರದ ಹಳ್ಳಿ. ನಮ್ಮ ಮನೆಯವರು ತೆಂಗಿನ ತೋಟ, ಹಸು ನೋಡಿಕೊಳ್ಳುತ್ತಾರೆ. ಅತ್ತೆ ನಮ್ಮಿಬ್ಬರನ್ನೂ ನೋಡಿಕೊಳ್ಳುತ್ತಾರೆ. ಈಚೆಗೆ ಟಿಕೆಟ್ ಕೊಡುವಾಗ ಯಾರಾದರೂ ಹೆಂಗಸು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ನೀವು ಫಿಕ್ಸ್ ಹಲ್ಲು ಹಾಕಿಸಿಕೊಂಡಿದ್ದೀರಂತೆ, ನೋವಾಗುತ್ತದಾ ಎಂದು ಮೆಲ್ಲಗೆ ಕೇಳುತ್ತಾಳೆ. ಮುಂದಿನ ಸ್ಟಾಪ್ ಬರುವುದರೊಳಗೆ ಎಷ್ಟು ಹೇಳಲು ಆಗುತ್ತದೆ? ನೋವು ಅಷ್ಟಿಲ್ಲ, ಹೆದರಿಕೆಯೇ ಜಾಸ್ತಿ ಎಂದು ಹೇಳಿ ಮುಂದಿನ ಸೀಟಿಗೆ ಹೋಗುತ್ತೇನೆ. ಅವರಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಕ್ಕರೆ ಕಾಯಿಲೆ ನನಗೆ ನಲವತ್ತು ದಾಟುವ ಮೊದಲೇ ಬಂದಿತ್ತು. ಅದರ ಜೊತೆಗೆ ವಸಡು ಊದುವುದು, ಬ್ರಷ್ ತಾಗಿದರೆ ರಕ್ತ. ಡ್ಯೂಟಿಗೆ ಹೋಗುವವರಿಗೆ ಹಲ್ಲುನೋವು ಕಾಯಿಲೆಯ ಲೆಕ್ಕಕ್ಕೇ ಬರುವುದಿಲ್ಲ. ಲವಂಗ ಕಚ್ಚಿಕೊಂಡು ಬಸ್ಸು ಹತ್ತುತ್ತಿದ್ದೆ. ಕೊನೆಗೆ ಮುಂದಿನ ಹಲ್ಲು ನಾಲಿಗೆ ತಾಗಿದರೂ ಅಲ್ಲಾಡತೊಡಗಿತು. ಅರಸೀಕೆರೆಯ ಹಲ್ಲಿನ ಕ್ಲಿನಿಕ್ಕಿಗೆ ಹೋದೆ. ಅಲ್ಲಿಯ ಡಾಕ್ಟರಮ್ಮ ಎಕ್ಸ್‌ರೇ ನೋಡಿ, ಒಂದಲ್ಲ, ಎಲ್ಲದರ ಬೇರೂ ಸಡಿಲವಾಗಿದೆ, ತೆಗೆಯದೆ ಬೇರೆ ದಾರಿಯಿಲ್ಲ ಎಂದರು. ಕರಾವಳಿ ಕಡೆಯ ಹುಡುಗಿ, ನನ್ನ ತಂಗಿಯ ಮಗಳ ವಯಸ್ಸು. ಅಷ್ಟು ಮೆತ್ತಗಿನ ದನಿಯಲ್ಲಿ ಅಷ್ಟು ಕೆಟ್ಟ ಸುದ್ದಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮನೆಯಲ್ಲಿ ಹೇಳಿದಾಗ ನಮ್ಮ ಮನೆಯವರು ಹಸುವಿಗೆ ನೀರು ಕುಡಿಸಲು ಎದ್ದು ಹೋದರು. ಅವರಿಗೆ ದುಃಖವಾದರೆ ಹಸುವಿಗೆ ಬಾಯಾರುತ್ತದೆ. ಅತ್ತೆಗೆ ಕಿವಿ ಮಂದ, ಬಾಯಿ ಚುರುಕು. ಎರಡು ಸಲ ಜೋರಾಗಿ ಹೇಳಿಸಿಕೊಂಡು, ತಮ್ಮ ಹಲ್ಲು ಹೋದದ್ದು ಅರವತ್ತು ದಾಟಿದ ಮೇಲೆ, ಈ ಹುಡುಗಿಗೆ ಎಲ್ಲದರಲ್ಲೂ ಆತುರ ಎಂದರು. ಅಳಬೇಕು ಎಂದುಕೊಂಡಿದ್ದ ನನಗೆ ನಗು ಬಂತು. ಆಮೇಲೆ ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತುಬಿಟ್ಟೆ.

ಹಲ್ಲು ಕೀಳಿಸಿ, ವಸಡು ಮಾಗಿದ ಮೇಲೆ ಸೆಟ್ ಬಂತು. ಕನ್ನಡಿಯಲ್ಲಿ ನೋಡಿಕೊಂಡರೆ ಚೆನ್ನಾಗಿಯೇ ಇತ್ತು. ಆದರೆ ಮೇಲಿನದು ನಾನು ಜೋರಾಗಿ ಮಾತಾಡಿದಾಗ ಇಳಿಯುತ್ತಿತ್ತು, ಕೆಳಗಿನದಂತೂ ಬಾಯಲ್ಲಿ ಮದುವೆಮನೆಯ ನೆಂಟರ ಹಾಗೆ ಒಂದು ಕಡೆ ಕೂರುತ್ತಲೇ ಇರಲಿಲ್ಲ. ಚಪಾತಿ ಕಚ್ಚಿದರೆ ಚಪಾತಿಯ ಜೊತೆ ಸೆಟ್ಟೂ ಬರುತ್ತಿತ್ತು. ಚಪಾತಿ ಬಿಟ್ಟೆ. ದೋಸೆಯನ್ನು ಚಟ್ನಿಯಲ್ಲಿ ನೆನೆಸಿ ನುಂಗಿದೆ. ಮಾಂಸ ಮಾಡಿದ ದಿನ ಸಾರು ಮಾತ್ರ ಬಡಿಸಿಕೊಂಡೆ. ತಪಾಸಣೆಗೆ ಹೋದಾಗ ಡಾಕ್ಟರಮ್ಮ ಊಟ ಮಾಡಲು ತೊಂದರೆ ಇದೆಯಾ ಎಂದು ಕೇಳಿದರು. ದಿನಾ ಎರಡು ಮುದ್ದೆ ತಿನ್ನುತ್ತೇನೆ ಎಂದೆ. ಅವರಿಗೆ ಬಹಳ ಸಂತೋಷವಾಯಿತು. ನಾನು ಸುಳ್ಳು ಹೇಳಿರಲಿಲ್ಲ. ಅವರ ಊರಲ್ಲಿ ಮುದ್ದೆ ಇಲ್ಲವೆಂಬುದು ನನಗೂ ಹೊಳೆಯಲಿಲ್ಲ, ಮುದ್ದೆಗೆ ಹಲ್ಲು ಬೇಡ ಎಂಬುದು ಅವರಿಗೂ ಗೊತ್ತಿರಲಿಲ್ಲ.

ಹೊಟ್ಟೆಯ ವಿಷಯ ಹಾಗೆ ಮುಚ್ಚಿಹೋಯಿತು. ನನ್ನನ್ನು ಸಿಕ್ಕಿಹಾಕಿಸಿದ್ದು ವಿಷಲ್.

ಕಂಡಕ್ಟರಿಗೆ ವಿಷಲ್ ಎಂದರೆ ಮೂರನೆಯ ಕೈ. ಒಂದು ಕೈಯಲ್ಲಿ ಟಿಕೆಟ್ ಮಷಿನ್, ಇನ್ನೊಂದು ಕೈಯಲ್ಲಿ ಕಂಬಿ. ಈಗ ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಬಸ್ಸಿನಲ್ಲಿ ಕಾಲಿಡಲೂ ಜಾಗವಿಲ್ಲ. ವಿಷಲ್ ಹಲ್ಲಿನ ಮಧ್ಯೆ ಕಚ್ಚಿಕೊಂಡೇ ಇರಬೇಕು. ಒಂದು ಸಲ ಊದಿದರೆ ನಿಲ್ಲಿಸು, ಎರಡು ಸಲ ಊದಿದರೆ ಹೊರಡು. ಸೆಟ್ ಬಂದ ಮೇಲೆ ವಿಷಲನ್ನು ತುಟಿಯಲ್ಲಿ ಹಿಡಿದು ಹೇಗೋ ಸಂಭಾಳಿಸುತ್ತಿದ್ದೆ. ಒಂದು ದಿನ ಹಳೇಬೀಡಿನ ಸ್ಟ್ಯಾಂಡಿನಲ್ಲಿ ಬಸ್ಸು ಕಿಕ್ಕಿರಿದಿತ್ತು. ಹಿಂದಿನ ಬಾಗಿಲ ಹತ್ತಿರ ನಿಂತು ಜೋರಾಗಿ ಊದಿದೆ. ವಿಷಲ್ ಬಾಯಿಂದ ಜಾರಿತು. ಅದರ ಹಿಂದೆಯೇ ಮೇಲಿನ ಸೆಟ್ ಹೊರಬಂದು ನನ್ನ ಚರ್ಮದ ಬ್ಯಾಗಿನಲ್ಲಿ ಚಿಲ್ಲರೆಯ ಮೇಲೆ ಬಿತ್ತು.

ಆ ಕ್ಷಣ ಭೂಮಿ ಬಾಯಿಬಿಡಬಾರದೇ ಎನಿಸಿತು. ಪಕ್ಕದ ಸೀಟಿನಲ್ಲಿದ್ದ ಕಾಲೇಜು ಹುಡುಗಿ ನೋಡಿದಳು. ನೋಡಿದವಳು ತಕ್ಷಣ ಮುಖ ತಿರುಗಿಸಿ, ಕಿಟಕಿಯಾಚೆ ಏನೋ ದೊಡ್ಡ ವಿಶೇಷ ಕಂಡವಳಂತೆ ಆ ಕಡೆಯೇ ನೋಡುತ್ತ ಕೂತಳು. ಕನ್ನಡಿಯಲ್ಲಿ ಡ್ರೈವರ್ ಲೋಕೇಶನಿಗೂ ಕಂಡಿತು. ಅವನು ನನಗಿಂತ ಚಿಕ್ಕವನು, ಅಕ್ಕ ಎಂದೇ ಕರೆಯುತ್ತಾನೆ. ಇಂಜಿನ್ ಆಫ್ ಮಾಡಿ ಕೆಳಗಿಳಿದು, ಒಂದೊಂದೇ ಟೈರನ್ನು ಕಾಲಲ್ಲಿ ಒದ್ದು ನೋಡುತ್ತ ಇಡೀ ಬಸ್ಸನ್ನು ಸುತ್ತು ಹಾಕಿದ. ಅಷ್ಟರಲ್ಲಿ ನಾನು ಬಾಟಲಿ ನೀರಲ್ಲಿ ಸೆಟ್ ತೊಳೆದು ಹಾಕಿಕೊಂಡೆ. ಆ ಹುಡುಗಿ ಯಾರೋ, ಎಲ್ಲಿಯವಳೋ. ಅವಳು ನಗದೆ ಇದ್ದದ್ದನ್ನು ನಾನು ಮರೆತಿಲ್ಲ.

ಮಾರನೆಯ ದಿನದಿಂದ ವಿಷಲ್ ಬ್ಯಾಗಿನಲ್ಲೇ ಉಳಿಯಿತು. ಕೋವಿಡ್ ಕಾಲದ ಮಾಸ್ಕ್ ಹುಡುಕಿ ತೆಗೆದು ಹಾಕಿಕೊಂಡೆ. ಬಸ್ಸು ಹೊರಡಿಸಬೇಕಾದರೆ ನಾಣ್ಯದಿಂದ ಕಂಬಿಗೆ ಟಣ್ ಟಣ್ ಎಂದು ತಟ್ಟುತ್ತಿದ್ದೆ. ಲೋಕೇಶ ಕಿವಿಯನ್ನು ಅದಕ್ಕೆ ಹೊಂದಿಸಿಕೊಂಡ.

ಹೀಗೇ ನಡೆದುಹೋಗುತ್ತಿತ್ತೇನೋ. ಶ್ರಾವಣದಲ್ಲಿ ಮಾದಿಹಳ್ಳಿ ಸ್ಟಾಪಿನಲ್ಲಿ ಡೈರಿಗೆ ಹೋಗಿಬಂದವರೊಬ್ಬರು ಖಾಲಿ ಹಾಲಿನ ಕ್ಯಾನ್ ಹಿಡಿದು ಹತ್ತಿದರು. ಕ್ಯಾನು ಕಂಬಿಗೆ ಎರಡು ಸಲ ಬಡಿಯಿತು. ಲೋಕೇಶ ಅದನ್ನು ನನ್ನ ನಾಣ್ಯ ಎಂದುಕೊಂಡು ಬಸ್ಸು ಬಿಟ್ಟ. ಅವರ ಹಿಂದೆ ಮಗು ಎತ್ತಿಕೊಂಡಿದ್ದ ಹೆಂಗಸಿನ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಇನ್ನೂ ರಸ್ತೆಯಲ್ಲಿ. ವಿಷಲ್ ಊದಬೇಕಾದ ಬಾಯಿಂದ ನಾನು ಕೂಗಿದೆ, ಮಾಸ್ಕಿನೊಳಗೆ ಸೆಟ್ ಇಳಿದು ಅರ್ಧ ಮಾತು ಅಲ್ಲೇ ಉಳಿಯಿತು. ಕ್ಯಾನಿನವರು ಆಕೆಯ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ತಾಯಿಗೂ ಮಗುವಿಗೂ ಏನೂ ಆಗಲಿಲ್ಲ. ಸಂಜೆ ನಾನೇ ಡಿಪೋಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ.

ನಮ್ಮ ಮ್ಯಾನೇಜರ್ ಸಾಹೇಬರು ಒಳ್ಳೆಯವರು. ಬೈಯಲಿಲ್ಲ. ಕೂರಿಸಿ, ಟೀ ತರಿಸಿ, ಮಾಸ್ಕಿನ ಕಡೆ ನೋಡದೆ ಮಾತಾಡಿದರು. ಅರಸೀಕೆರೆ ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ ಕೂರಿ, ಯುಗಾದಿಯವರೆಗೆ ನಿಮ್ಮ ರೂಟಿಗೆ ಬೇರೆಯವರನ್ನು ಹಾಕುತ್ತೇನೆ, ಆಮೇಲೂ ವಿಷಲ್ ಊದಲು ಆಗದಿದ್ದರೆ ಕೌಂಟರೇ ಖಾಯಂ ಎಂದರು. ಬೇರೆ ಯಾರಾದರೂ ಇದನ್ನು ವರ ಎಂದುಕೊಳ್ಳುತ್ತಿದ್ದರು. ನೆರಳು, ಫ್ಯಾನು, ಕೂರಲು ಕುರ್ಚಿ.

ನನಗೆ ಅದು ಬೇಡವಾಗಿತ್ತು. ಆ ರಸ್ತೆಯಲ್ಲಿ ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಾರೆ, ಯಾರಿಗೆ ಮಂಡಿನೋವು, ಯಾರ ಮಗಳು ಬಾಣಂತನಕ್ಕೆ ಬಂದಿದ್ದಾಳೆ ಎಲ್ಲ ನನಗೆ ಗೊತ್ತು. ಮದುವೆಯಾಗಿ ಬಂದಾಗ ನಾಲ್ಕು ಜನರೆದುರು ಮಾತಾಡಲು ಹೆದರುತ್ತಿದ್ದ ನನಗೆ ಬಾಯಿ ಕೊಟ್ಟಿದ್ದೇ ಆ ಬಸ್ಸು. ಗಾಜಿನ ಹಿಂದೆ ಕೂತು ಬಸ್ಸಿನ ಟೈಮ್ ಹೇಳುವ ಸರೋಜ ಹೇಗಿರುತ್ತಾಳೆಂದು ನನಗೆ ಊಹಿಸಲೂ ಆಗುತ್ತಿರಲಿಲ್ಲ. ಯುಗಾದಿಯೊಳಗೆ ಹಲ್ಲು ಬಾಯಲ್ಲಿ ಗಟ್ಟಿಯಾಗಿ ನಿಲ್ಲಬೇಕು, ಅಷ್ಟೇ ನನಗೆ ಬೇಕಾಗಿತ್ತು.

ಡಾಕ್ಟರಮ್ಮನ ಹತ್ತಿರ ಹೋಗಿ ವಿಷಲಿನ ಕಥೆ ಹೇಳಿದೆ. ದವಡೆಯ ಮೂಳೆಗೆ ಸ್ಕ್ರೂ ಕೂರಿಸಿ, ಅದು ಮೂಳೆಯೊಡನೆ ಬೆಸೆದುಕೊಂಡ ಮೇಲೆ ಇಡೀ ಸಾಲು ಹಲ್ಲನ್ನು ಅದರ ಮೇಲೆ ಬಿಗಿಯಬಹುದು, ತೆಗೆದು ಹಾಕುವ ಗೋಜಿಲ್ಲ ಎಂದರು. ಆದರೆ ಎರಡು ವಿಷಯ ಆಗಬೇಕಿತ್ತು. ಸಕ್ಕರೆ ಹತೋಟಿಗೆ ಬರಬೇಕು, ದವಡೆಯಲ್ಲಿ ಸಾಕಷ್ಟು ಮೂಳೆ ಉಳಿದಿರಬೇಕು. ಮನೆಯಲ್ಲಿ ಇದನ್ನು ವಿವರಿಸಿದಾಗ ಅತ್ತೆ, ಇರೋ ಬಾಯಿಗೆ ಮೊಳೆ ಹೊಡೆಸಿಕೊಳ್ಳಬೇಕಾ, ನಿನ್ನನ್ನೇನು ಈಗ ಹೆಣ್ಣು ನೋಡಲು ಬರುತ್ತಿದ್ದಾರಾ ಎಂದರು. ನಮ್ಮ ಮನೆಯವರು, ಬೋರು ಕೊರೆಸುವ ಮುಂಚೆ ನೀರಿದೆಯಾ ನೋಡಿಸುವುದಿಲ್ಲವಾ, ಹಾಗೇ ಮೂಳೆ ಇದೆಯಾ ನೋಡಿಸೋಣ, ಆಮೇಲಿನ ಮಾತು ಆಮೇಲೆ ಎಂದರು. ಮದುವೆಯಾದಾಗಿನಿಂದ ಅವರು ಒಮ್ಮೆಗೇ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಸ್ಕ್ಯಾನ್ ಮಾಡಿಸಿದ ದಿನ ಕ್ಲಿನಿಕ್ಕಿನ ಹೊರಗೆ ಕಾದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸ್ಕ್ರೂ ಹಾಕುವ ದೊಡ್ಡ ಡಾಕ್ಟರು ಹೊರಗಿನಿಂದ ವಾರಕ್ಕೊಮ್ಮೆ ಬರುತ್ತಿದ್ದುದರಿಂದ ಜನ ತುಂಬಿದ್ದರು. ಗೋಡೆಯ ಮೇಲೆ ಹಲ್ಲು ಕಿರಿದು ನಗುವ ಹುಡುಗಿಯ ಚಿತ್ರ. ಅವಳಿಗೆ ಏನು ಕಾಯಿಲೆ ಇತ್ತು ಎಂದು ನನಗೆ ಅರ್ಥವಾಗಲಿಲ್ಲ. ಎದುರಿನ ಬೆಂಚಿನಲ್ಲಿ ಕೆನ್ನೆಗೆ ಟವೆಲ್ ಒತ್ತಿಕೊಂಡ ಗೌಡರೊಬ್ಬರು ಆಗಾಗ ನಮ್ಮ ಕಡೆ ನೋಡಿ ತಲೆಯಾಡಿಸುತ್ತಿದ್ದರು. ಮಾತಾಡುವ ಹಾಗಿಲ್ಲದವರ ನಡುವೆ ಅದೇ ಕುಶಲೋಪರಿ. ನಮ್ಮ ಮನೆಯವರು ಕೈಯಲ್ಲಿ ನನ್ನ ಚಪ್ಪಲಿ ಹಿಡಿದು ಕೂತಿದ್ದರು. ಒಳಗೆ ಹೋಗುವಾಗ ಹೊರಗೆ ಬಿಟ್ಟಿದ್ದನ್ನು ಯಾರಾದರೂ ಬದಲಾಯಿಸಿಕೊಂಡು ಹೋದಾರು ಎಂದು ಎತ್ತಿಟ್ಟುಕೊಂಡಿದ್ದರಂತೆ. ಮೂಳೆ ಇದೆಯೋ ಇಲ್ಲವೋ ಎಂಬ ಭಯದಲ್ಲಿದ್ದರೂ ಆ ಚಪ್ಪಲಿ ನೋಡಿ ನನಗೆ ಧೈರ್ಯ ಬಂತು.

ಮೂಳೆ ಇತ್ತು. ಹಿಂದೆ ಕಡಿಮೆ, ಮುಂದೆ ಸಾಕಷ್ಟು, ಸ್ಕ್ರೂಗಳನ್ನು ಸ್ವಲ್ಪ ಓರೆಯಾಗಿ ಕೂರಿಸಬಹುದು ಎಂದರು ದೊಡ್ಡ ಡಾಕ್ಟರು. ಸಕ್ಕರೆ ಇಳಿಸಲು ದಸರಾ ಕಳೆಯುವವರೆಗೆ ನಾನು ಪಟ್ಟ ಪಾಡು ಬೇರೆ. ಕೌಂಟರಿನಿಂದ ಸಂಜೆ ಮನೆಗೆ ಬಂದವಳು ತೋಟದ ಸುತ್ತ ನಡೆಯುತ್ತಿದ್ದೆ, ಹಿಂದೆಯೇ ಕರು ಬರುತ್ತಿತ್ತು. ನನಗಿಂತ ಅದೇ ತೆಳ್ಳಗಾಯಿತು ಎಂದು ಅತ್ತೆ ದೂರಿದರು.

ಸ್ಕ್ರೂ ಹಾಕಿದ ದಿನದ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಮರಗಟ್ಟುವ ಇಂಜೆಕ್ಷನ್ ಚುಚ್ಚಿದ್ದು ನೋವಾಯಿತು. ಆಮೇಲೆ ನೋವಿರಲಿಲ್ಲ, ಸದ್ದಿತ್ತು. ತಲೆಯೊಳಗೇ ಯಾರೋ ಗಿರಣಿ ಇಟ್ಟಂತೆ. ಡಾಕ್ಟರಮ್ಮ ಪಕ್ಕದಲ್ಲಿ ನಿಂತು ನನ್ನ ಹಣೆಯ ಮೇಲೆ ಕೈ ಇಟ್ಟಿದ್ದರು. ಅದು ಅವರ ಕೆಲಸದಲ್ಲಿ ಸೇರಿತ್ತೋ ಇಲ್ಲವೋ, ನನಗೆ ಆ ಕೈ ಬೇಕಾಗಿತ್ತು. ಮನೆಗೆ ಬಂದ ಮೇಲೆ ಮುಖ ಊದಿತು, ಒಂದೆರಡು ದಿನ ಐಸ್ ಒತ್ತಿಕೊಂಡು ಮಲಗಿದೆ. ಅದೇ ವಾರದಲ್ಲಿ ಸ್ಕ್ರೂಗಳ ಮೇಲೆ ತಾತ್ಕಾಲಿಕ ಹಲ್ಲಿನ ಸಾಲು ಬಿಗಿದರು. ಮೂಳೆ ಬೆಸೆಯುವವರೆಗೆ ಗಟ್ಟಿಯಾದದ್ದೇನನ್ನೂ ಕಚ್ಚಬಾರದು, ಸ್ಕ್ರೂ ಅಲುಗಿದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ ಎಂದು ಎಚ್ಚರಿಸಿದರು. ಗಂಜಿ, ಮೊಸರನ್ನ, ಇಡ್ಲಿ. ವಿಷಲ್ ಸದ್ಯಕ್ಕಿಲ್ಲ. ಮುದ್ದೆಯನ್ನಂತೂ ಮುಟ್ಟುವಂತಿಲ್ಲ.

ಈ ಕೊನೆಯ ಮಾತು ನಮ್ಮ ಮನೆಯಲ್ಲಿ ದೊಡ್ಡ ಗಲಾಟೆಗೆ ಕಾರಣವಾಯಿತು. ಮುದ್ದೆಗಿಂತ ಮೆತ್ತಗಿರುವುದು ಪ್ರಪಂಚದಲ್ಲಿ ಏನಿದೆ ಎಂದು ಅತ್ತೆ ವಾರವಿಡೀ ಕೇಳಿದರು. ಸೊಸೆ ಗಂಜಿ ಕುಡಿದು ಸೊರಗುತ್ತಿದ್ದಾಳೆ, ಆ ಡಾಕ್ಟರಿಗೆ ಬುದ್ಧಿ ಹೇಳಬೇಕು ಎಂದು ಮುಂದಿನ ತಪಾಸಣೆಗೆ ತಾವೂ ಹೊರಟು ನಿಂತರು. ಬೇಡ ಅಂದರೂ ಕೇಳಲಿಲ್ಲ. ಕಿವಿ ಮಂದ ಇರುವುದರ ಅನುಕೂಲ ಅದು.

ಡಾಕ್ಟರಮ್ಮನ ಎದುರು ಕೂತು ಅತ್ತೆ ಮೊದಲು ತಮ್ಮ ಬಾಯಿ ತೆರೆದು ತೋರಿಸಿದರು. ಒಂದೂ ಹಲ್ಲಿಲ್ಲ. ಆಮೇಲೆ ಗಾಳಿಯಲ್ಲೇ ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟು, ಕತ್ತು ಸ್ವಲ್ಪ ಮೇಲಕ್ಕೆತ್ತಿ ನುಂಗಿದರು. ಗಂಟಲಲ್ಲಿ ಇಳಿದದ್ದು ಕೂಡ ಕಾಣುವ ಹಾಗೆ. ಡಾಕ್ಟರಮ್ಮ ಮೊದಲು ಬೆರಗಾಗಿ ನೋಡಿದರು, ಆಮೇಲೆ ನಕ್ಕರು, ಮುದ್ದೆ ತಿನ್ನಬಹುದು ಎಂದು ಒಪ್ಪಿಕೊಂಡರು. ನಗುತ್ತಿದ್ದವರು ಇದ್ದಕ್ಕಿದ್ದಂತೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಹಾಗಾದ್ರೆ ನೀವು ಎರಡು ವರ್ಷ ಏನನ್ನೂ ಅಗಿಲೇ ಇಲ್ವಾ?"

ಅಷ್ಟು ದಿನ ಯಾರೂ ಕೇಳದೆ ಇದ್ದ ಮಾತು. ಬಾಯಲ್ಲಿ ಹಲ್ಲು ಬಿಗಿಸಿಕೊಂಡು ಕೂತವಳು ಅಲ್ಲೇ, ಆ ಕುರ್ಚಿಯಲ್ಲೇ ಅತ್ತುಬಿಟ್ಟೆ. ಹೌದು ಎಂದು ತಲೆಯಾಡಿಸಿದೆ. ಡಾಕ್ಟರಮ್ಮ ನನ್ನ ಕೈಗೆ ಟಿಶ್ಯೂ ಕೊಟ್ಟು, ನಾನು ಸರಿಯಾಗಿ ಕೇಳಬೇಕಿತ್ತು ಎಂದರು. ಅತ್ತೆಗೆ ಪ್ರಶ್ನೆ ಕೇಳಿಸಿರಲಿಕ್ಕಿಲ್ಲ, ನನ್ನ ಮುಖ ನೋಡಿಯೇ ತಿಳಿದುಕೊಂಡರು.

"ನಂಗೊತ್ತಿತ್ತು ಕಣೇ," ಎಂದರು. "ಅದ್ಕೇ ನಾನು ಕೋಡುಬಳೆ ಕರ್ಯೋದು ಬುಟ್ಟಿದ್ದು."

ಆಗ ನನಗೆ ಹೊಳೆಯಿತು. ಅತ್ತೆಯ ಕೋಡುಬಳೆ ಎಂದರೆ ನನಗೆ ಪ್ರಾಣ, ಅದು ಎಲ್ಲರಿಗೂ ಗೊತ್ತು. ಎರಡು ಗೌರಿಹಬ್ಬ, ಎರಡು ದೀಪಾವಳಿ ನಮ್ಮ ಮನೆಯಲ್ಲಿ ಬಾಣಲೆ ಒಲೆಯ ಮೇಲೆ ಏರಿರಲಿಲ್ಲ. ಕೈಲಾಗುವುದಿಲ್ಲ, ವಯಸ್ಸಾಯಿತು ಎನ್ನುತ್ತಿದ್ದರು. ನಾನು ನಂಬಿದ್ದೆ. ನಮ್ಮ ಮನೆಯವರೂ ಜೇಬಿನಲ್ಲಿ ಸದಾ ಇರುತ್ತಿದ್ದ ಕೊಬ್ಬರಿ ಚೂರನ್ನು ನನ್ನ ಮುಂದೆ ತಿನ್ನುವುದು ಬಿಟ್ಟಿದ್ದರು ಎಂಬುದು ಅದಾದ ಮೇಲೆ ನೆನಪಾಯಿತು. ಬಚ್ಚಿಟ್ಟುಕೊಂಡಿದ್ದೇನೆ ಎಂದು ನಾನು ತಿಳಿದಿದ್ದೆ, ಅವರು ನನಗೆ ಬಚ್ಚಿಟ್ಟುಕೊಳ್ಳಲು ಬಿಟ್ಟಿದ್ದರು.

ಅಲ್ಲಿಂದ ಎಲ್ಲ ಸರಾಗವಾಗಿ ನಡೆಯುತ್ತಿತ್ತು, ಸಂಕ್ರಾಂತಿ ಬರುವವರೆಗೆ.

ಸಂಕ್ರಾಂತಿಯಂದು ಎಳ್ಳು ಬೀರುವುದು ಎಲ್ಲ ಕಡೆ ಇದೆ. ಆದರೆ ಬಸ್ ಕಂಡಕ್ಟರಿಗೆ ಎಷ್ಟು ಜನ ಎಳ್ಳುಬೆಲ್ಲ ಕೊಡುತ್ತಾರೆ ಎಂದು ಹೊರಗಿನವರಿಗೆ ಗೊತ್ತಿರಲಾರದು. ಆ ವರ್ಷ ನಾನು ಕೌಂಟರಿನಲ್ಲಿದ್ದರೂ ನನ್ನ ರೂಟಿನ ಹೆಂಗಸರು ಹುಡುಕಿಕೊಂಡು ಬಂದರು. ಪುಟ್ಟ ಪುಟ್ಟ ಪೊಟ್ಟಣ, ಕಬ್ಬಿನ ತುಂಡು, ಬಾಳೆಹಣ್ಣು ಕಿಟಕಿಯ ಕೆಳಗಿನ ಸಂದಿಯಿಂದ ಒಳಗೆ ಬರುತ್ತಿದ್ದವು. ಎಲ್ಲರಿಗೂ ಕೈ ಮುಗಿದು ಪಕ್ಕಕ್ಕಿಟ್ಟೆ. ಜಾವಗಲ್ಲಿನ ಗಂಗಜ್ಜಿ ಮಾತ್ರ ಕಿಟಕಿಯ ಮುಂದಿನಿಂದ ಕದಲಲಿಲ್ಲ. ವಾರಕ್ಕೆರಡು ಸಲ ನನ್ನ ಬಸ್ಸಿನಲ್ಲಿ ಮಗಳ ಮನೆಗೆ ಹೋಗುತ್ತಿದ್ದ ಅಜ್ಜಿ. ಕೈಗೆ ಎಳ್ಳುಬೆಲ್ಲ ಸುರಿದು, ಬಾಯಿಗೆ ಹಾಕಿಕೊಳ್ಳುವುದನ್ನು ನೋಡಿಯೇ ಹೋಗುವೆನೆಂದು ನಿಂತರು. ಹಬ್ಬದ ದಿನ ಕೊಟ್ಟ ಎಳ್ಳನ್ನು ಬೇಡ ಎಂದರೆ ಅವರ ಒಳ್ಳೆಯ ಮಾತನ್ನೇ ಬೇಡ ಎಂದ ಹಾಗೆ. ಒಂದು ಚೂರು ಬೆಲ್ಲ ಕರಗಿಸಿಕೊಂಡರಾಯಿತು ಎಂದು ಬಾಯಿಗೆ ಹಾಕಿಕೊಂಡೆ. ಬೆಲ್ಲದ ಜೊತೆ ಕೊಬ್ಬರಿಯೂ ಬಂತು. ನಮ್ಮ ಸೀಮೆಯ ಒಣಗಿದ ಕೊಬ್ಬರಿ, ನಮ್ಮ ಹೆಮ್ಮೆ. ಅದರ ರುಚಿ ನಾಲಿಗೆಗೆ ತಾಕಿದ್ದೇ ತಡ, ಎರಡು ವರ್ಷ ಮಲಗಿದ್ದ ದವಡೆ ನನ್ನನ್ನು ಕೇಳದೆಯೇ ಕಚ್ಚಿತು.

ಟಕ್ ಎಂದಿತು. ಎಡಗಡೆಯ ಸಾಲು ನಾಲಿಗೆಗೆ ಅಲ್ಲಾಡಿದಂತೆ ಅನಿಸಿತು. ಅಜ್ಜಿ ತೃಪ್ತಿಯಿಂದ ಹರಸಿ ಹೋದರು. ನಾನು ಬಾಯಿ ಮುಚ್ಚಿಕೊಂಡು ಕಿಟಕಿಯ ಪರದೆ ಎಳೆದೆ.

ಕ್ಲಿನಿಕ್ಕಿನ ಬೆಂಚಿನಲ್ಲಿ ಆ ದಿನ ಕಾದ ಹಾಗೆ ನಾನು ಎಲ್ಲೂ ಕಾದಿಲ್ಲ. ಹಬ್ಬವಾದ್ದರಿಂದ ಬಾಗಿಲು ಹಾಕಿತ್ತು. ಫೋನ್ ಮಾಡಿದ್ದಕ್ಕೆ ಡಾಕ್ಟರಮ್ಮ ಹಬ್ಬದೂಟ ಬಿಟ್ಟು ಬರುತ್ತೇನೆ ಎಂದಿದ್ದರು. ಲೋಕೇಶನಿಗೆ ಹೇಗೋ ಸುದ್ದಿ ಮುಟ್ಟಿ, ಡ್ಯೂಟಿ ಇಳಿದವನು ಯೂನಿಫಾರ್ಮಿನಲ್ಲೇ ಬಂದು ಪಕ್ಕದಲ್ಲಿ ಕೂತ. ನಮ್ಮ ಮನೆಯವರು ಗಂಡಸಿಯಿಂದ ಗಾಡಿಯಲ್ಲಿ ಹೊರಟಿದ್ದರು. ಸ್ಕ್ರೂ ಅಲುಗಿದ್ದರೆ ತೆಗೆದು, ಮತ್ತೆ ಮಾಗಿಸಿ, ಮತ್ತೆ ಹಾಕಬೇಕು. ಯುಗಾದಿ ದಾಟಿಹೋಗುತ್ತದೆ. ಒಂದು ಚೂರು ಕೊಬ್ಬರಿಗೆ ಬಸ್ಸು ಕಳೆದುಕೊಂಡೆ ಎಂದು ಲೋಕೇಶನಿಗೆ ಹೇಳಿದೆ. ಅವನು ಸಮಾಧಾನದ ಮಾತು ಹೇಳಲು ಹೋಗಲಿಲ್ಲ. "ನಿನ್ ಜಾಗಕ್ಕೆ ಬಂದಿರೋನು ವಿಷಲ್ ಊದ್ತಾನೆ ಕಣಕ್ಕ, ಆದ್ರೆ ಯಾವ ಅಜ್ಜಿಗೆ ಎಲ್ಲಿ ನಿಲ್ಸ್‌ಬೇಕು ಅಂತ ಒಂದೂ ಗೊತ್ತಿಲ್ಲ," ಎಂದ. ನನಗೆ ಅದೇ ಸಮಾಧಾನವಾಯಿತು.

ಡಾಕ್ಟರಮ್ಮ ಹೊಸ ಸೀರೆಯಲ್ಲೇ ಬಂದರು. ಹಲ್ಲಿನ ಸಾಲು ಬಿಚ್ಚಿ, ಒಂದೊಂದು ಸ್ಕ್ರೂವನ್ನೂ ತಟ್ಟಿ ನೋಡಿ, ಎಕ್ಸ್‌ರೇ ತೆಗೆದರು. ಅವರು ಪರದೆಯ ಕಡೆ ನೋಡುತ್ತಿದ್ದರು, ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮುಖದಲ್ಲಿ ಏನೂ ಓದಲಾಗಲಿಲ್ಲ. ಕೊನೆಗೆ ಕುರ್ಚಿ ಎಳೆದುಕೊಂಡು ನನ್ನ ಮುಂದೆ ಕೂತರು.

"ಮೇಲಿನ ಪ್ಲಾಸ್ಟಿಕ್ ಮಾತ್ರ ಒಡೆದಿದ್ದು. ಅದು ತಾತ್ಕಾಲಿಕದ್ದು, ಹೋಗ್ಲಿ ಬಿಡಿ. ಒಳಗಿನದು ಒಂದೂ ಕದಲ್ಲಿಲ್ಲ."

ಇನ್ನೊಮ್ಮೆ ಹೇಳಿ ಎಂದು ಕೇಳಿದೆ. ಇನ್ನೊಮ್ಮೆ ಹೇಳಿದರು. ಹೊರಗೆ ಬಂದು ನಮ್ಮ ಮನೆಯವರಿಗೂ ಲೋಕೇಶನಿಗೂ ನಾನೇ ಹೇಳಿದೆ. ಅಲ್ಲಿ ನೀರು ಕುಡಿಸಲು ಹಸು ಇಲ್ಲದ್ದರಿಂದ ನಮ್ಮ ಮನೆಯವರು ಬೆಂಚಿನ ಮೇಲೆ ಕೂತೇ ಟವೆಲಿನಿಂದ ಕಣ್ಣೊರೆಸಿಕೊಂಡರು. ಆ ದಿನ ಮನಸ್ಸು ಹಗುರಾದದ್ದು ನನಗೆ ಇವತ್ತಿಗೂ ನೆನಪಿದೆ, ಊರಿಗೆ ಹೋಗುವ ದಾರಿಯುದ್ದಕ್ಕೂ ಗಾಡಿಯ ಹಿಂದೆ ಕೂತು ಅರ್ಥವಿಲ್ಲದೆ ನಗುತ್ತಿದ್ದೆ.

ಯುಗಾದಿಗೆ ಇನ್ನೂ ದಿನಗಳಿರುವಾಗಲೇ ಖಾಯಂ ಹಲ್ಲು ಬಂತು. ಬಿಗಿದು ಮುಗಿಸಿದ ಮೇಲೆ ಸಂದಿಯಲ್ಲಿ ಹೇಗೆ ಉಜ್ಜಬೇಕು, ನೀರು ಚಿಮ್ಮಿಸುವ ಮಷಿನ್ ಹೇಗೆ ಹಿಡಿಯಬೇಕು ಎಂದು ಡಾಕ್ಟರಮ್ಮ ಹೇಳಿಕೊಟ್ಟರು. ಸಕ್ಕರೆ ಏರಿಸಿಕೊಂಡರೆ ನಾನೇ ಬಂದು ಬೈಯುತ್ತೇನೆ ಎಂದರು. ಈ ಹಲ್ಲಿಗೂ ಆರೈಕೆ ಬೇಕು, ಹಾಕಿಸಿ ಮರೆತುಬಿಡುವಂಥದ್ದಲ್ಲ. ಸೆರಗು ಅಡ್ಡ ಹಿಡಿದು ಕೇಳುವವರಿಗೆ ಇದನ್ನೂ ಹೇಳುತ್ತೇನೆ.

ಮನೆಗೆ ಬಂದರೆ ಎಣ್ಣೆ ಕಾದ ವಾಸನೆ ಅಂಗಳದವರೆಗೂ ಬಂದಿತ್ತು. ಅತ್ತೆ ತಟ್ಟೆ ತುಂಬ ಕೋಡುಬಳೆ ಇಟ್ಟು, ಎರಡು ಲೋಟ ಕಾಫಿ ತಂದು ಎದುರು ಕೂತರು. ತಾವೊಂದು ಮುರಿದು ಕಾಫಿಯಲ್ಲಿ ನೆನೆಹಾಕಿದರು. ನಾನೂ ಒಂದು ಮುರಿದು ನನ್ನ ಲೋಟಕ್ಕೆ ಹಾಕಲು ಹೋದೆ. ಅತ್ತೆ ನನ್ನ ಕೈ ಹಿಡಿದುಕೊಂಡರು.

"ನೆನ್ಸೋದು ನಂಗೆ. ನೀನು ಕಡಿ."

ಅಗಿಯುವುದು ಮರೆತುಹೋಗಿತ್ತು. ಮೊದಲು ಯಾವ ಕಡೆ ಇಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ಹೆದರುತ್ತ ಕಚ್ಚಿದೆ. ಕಟುಂ ಎಂದಿತು. ಖಾರ, ಎಳ್ಳು, ಕರಿದ ಅಕ್ಕಿಹಿಟ್ಟು, ಒಂದೊಂದೂ ಬೇರೆ ಬೇರೆಯಾಗಿ ಬಾಯಿಗೆ ಬಂದವು. ನುಂಗುವವರಿಗೆ ಇದು ಯಾವುದೂ ಸಿಗುವುದಿಲ್ಲ ಎಂದು ಎರಡು ವರ್ಷದಲ್ಲಿ ನಾನು ಮರೆತೇಬಿಟ್ಟಿದ್ದೆ.

ಯುಗಾದಿಯ ಮಾರನೆಯ ವಾರ ಮತ್ತೆ ನನ್ನ ಬಸ್ಸು ಹತ್ತಿದೆ. ಬಸ್ತಿಹಳ್ಳಿಯಲ್ಲಿರುವ ತಂಗಿಯನ್ನು ನೋಡಬೇಕು ಎಂದು ಅತ್ತೆಯೂ ಅದೇ ಬಸ್ಸಿಗೆ ಹೊರಟು ಮುಂದಿನ ಸೀಟಿನಲ್ಲಿ ಕೂತರು. ತಂಗಿಯ ನೆನಪು ಅವರಿಗೆ ಅದೇ ದಿನ ಯಾಕೆ ಬಂತೆಂದು ನಾನು ಕೇಳಲಿಲ್ಲ. ಅರಸೀಕೆರೆಯಿಂದ ಧೈರ್ಯ ಸಾಲದೆ ನಾಣ್ಯದಲ್ಲೇ ತಟ್ಟಿಕೊಂಡು ಬಂದೆ. ಲೋಕೇಶ ಕನ್ನಡಿಯಲ್ಲಿ ನೋಡುತ್ತಿದ್ದ. ಜಾವಗಲ್ ದಾಟಿತು. ಹಳೇಬೀಡಿನ ಸ್ಟ್ಯಾಂಡಿಗೆ ಬಂದಾಗ ಬಸ್ಸು ತುಂಬಿಹೋಗಿ ನಾನು ಹಿಂದಿನ ಬಾಗಿಲ ಹತ್ತಿರ ಸಿಕ್ಕಿಕೊಂಡೆ. ಒಂದು ಕೈ ಮಷಿನ್ ಮೇಲೆ, ಒಂದು ಕೈ ಕಂಬಿಯ ಮೇಲೆ. ನಾಣ್ಯ ಹಿಡಿದು ತಟ್ಟುತ್ತ ನಿಲ್ಲಲು ಮೂರನೆಯ ಕೈಯಿರಲಿಲ್ಲ.

ಒಂದು ಕ್ಷಣ ಕಂಬಿ ಬಿಟ್ಟು, ಬ್ಯಾಗಿನಿಂದ ವಿಷಲ್ ತೆಗೆದು ಹಲ್ಲಿನ ಮಧ್ಯೆ ಇಟ್ಟು ಕಚ್ಚಿದೆ. ವಿಷಲ್ ಜಾರದೆ ಅಲ್ಲೇ ನಿಂತಿತು. ಮೆಟ್ಟಿಲ ಕಡೆ ನೋಡಿದೆ, ಕೊನೆಯವರೂ ಒಳಗೆ ಬಂದಿದ್ದರು. ಎರಡು ಸಲ ಊದಿದೆ.

ಬಸ್ಸು ಹೊರಡಲಿಲ್ಲ. ಜನ ತಿರುಗಿ ನೋಡಿದರು. ಲೋಕೇಶ ಸ್ಟೀರಿಂಗ್ ಮೇಲೆ ಕೈಯಿಟ್ಟು ಹಾಯಾಗಿ ಕೂತಿದ್ದ.

"ಕೇಳುಸ್ನಿಲ್ಲ ಕಣಕ್ಕ. ಇನ್ನೊಂದ್ ಸಲ ಊದು," ಎಂದ.

ಅವನಿಗೆ ಕೇಳಿಸಿತ್ತು ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಮುಂದಿನ ಸೀಟಿನಿಂದ ಅತ್ತೆ ಎದ್ದು ನಿಂತರು.

"ಹೊರಡ್ಲಾ ಸಾಕು. ನನ್ ಕಿವಿಗೇ ಕೇಳುಸ್ತು."

ಇಡೀ ಬಸ್ಸು ನಕ್ಕಿತು. ನನಗೂ ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿಯದೆ, ಎಲ್ಲರೆದುರು, ಹಲ್ಲು ಕಾಣುವ ಹಾಗೆ ನಕ್ಕೆ. ನಗುವಾಗಲೂ ವಿಷಲ್ ಹಲ್ಲಿನ ಮಧ್ಯೆಯೇ ಇತ್ತು. ಅದನ್ನು ಅಲ್ಲಿಂದ ತೆಗೆಯದೆ ಮತ್ತೆ ಎರಡು ಸಲ ಊದಿದೆ, ಬಸ್ಸು ಹೊರಟಿತು.